ಕಣ್ಣು ಮಾಡುವ ಲೈಸೆನ್ಸ್

ನಾನು ಕಣ್ಣು ಮಾಡುತ್ತೇನೆ ಎಂದರೆ ಹೊಸಬರು ಮೊದಲು "ಡಾಕ್ಟರಾ?" ಎನ್ನುತ್ತಾರೆ. ಅಲ್ಲ ಎಂದರೆ "ಕನ್ನಡಕದ ಅಂಗಡಿನಾ?" ಎನ್ನುತ್ತಾರೆ. ಕಾಯಿಲೆಯಿಂದಲೋ ಅಪಘಾತದಿಂದಲೋ ಒಂದು ಕಣ್ಣು ಕಳೆದುಕೊಂಡವರಿಗೆ ಆ ಗುಳಿಯಲ್ಲಿ ಕೂರುವಂಥ ಕೃತಕ ಕಣ್ಣು ಮಾಡಿಕೊಡುವುದು ನನ್ನ ಕೆಲಸ ಎಂದು ವಿವರಿಸಿ ಮುಗಿಸುವ ಹೊತ್ತಿಗೆ ಅವರ ತಟ್ಟೆಯ ಊಟ ತಣ್ಣಗಾಗಿರುತ್ತದೆ. ಗಾಜಿನ ಕಣ್ಣು ಎಂಬ ಮಾತು ಇನ್ನೂ ಚಾಲ್ತಿಯಲ್ಲಿದೆ, ಆದರೆ ನಾನು ಗಾಜು ಮುಟ್ಟಿದವಳಲ್ಲ. ಹಲ್ಲಿನ ಸೆಟ್ಟಿಗೆ ಬಳಸುವ ಅಕ್ರಿಲಿಕ್ಕೇ ಇದಕ್ಕೂ. ಗುಳಿಯ ಅಚ್ಚು ತೆಗೆದು, ಮೇಣದಲ್ಲಿ ಆಕಾರ ಕೊಟ್ಟು, ಅದನ್ನು ಅಕ್ರಿಲಿಕ್‌ಗೆ ಇಳಿಸಿ, ಇನ್ನೊಂದು ಕಣ್ಣನ್ನು ನೋಡಿಕೊಂಡು ಕರಿಗುಡ್ಡೆಗೆ ಬಣ್ಣ ಹಚ್ಚಬೇಕು. ಇಲ್ಲಿ ಆಸ್ಟ್ರೇಲಿಯಾದವರದು ನೀಲಿಯೋ ಬೂದಿಯೋ ಆಗಿದ್ದರೂ ನನ್ನ ಬಾಯಲ್ಲಿ ಅದು ಕರಿಗುಡ್ಡೆಯೇ. ಬಿಳಿಯ ಮೇಲೆ ಕೆಂಪು ರೇಷ್ಮೆಯ ಎಳೆಗಳನ್ನು ನರಗಳ ಹಾಗೆ ಕೂರಿಸಿ ಹೊಳಪು ಕೊಟ್ಟರೆ ಮುಗಿಯಿತು.

ಬೆಂಗಳೂರಿನ ಒಂದು ಕಣ್ಣಾಸ್ಪತ್ರೆಯಲ್ಲಿ ಈ ಕೆಲಸ ಕಲಿತು ಬಹಳ ವರ್ಷ ಮಾಡಿದ್ದೆ. ಗಂಡನಿಗೆ ಸಿಡ್ನಿಯಲ್ಲಿ ಕೆಲಸ ಸಿಕ್ಕಿ ಅಲ್ಲಿನ ಎಪ್ಪಿಂಗ್ ಬಡಾವಣೆಯ ಅಪಾರ್ಟ್‌ಮೆಂಟಿಗೆ ಬಂದಾಗ ನನ್ನ ಬಣ್ಣದ ಕುಂಚಗಳನ್ನು ಸೀರೆಯ ಮಡಿಕೆಯಲ್ಲಿ ಸುತ್ತಿ ತಂದಿದ್ದೆ. ಬಂದ ಮೇಲೆ ಗೊತ್ತಾಯಿತು, ಇಲ್ಲಿ ಲೈಸೆನ್ಸ್ ಇಲ್ಲದೆ ಒಬ್ಬರ ರೆಪ್ಪೆಯನ್ನೂ ಎತ್ತಿ ನೋಡುವಂತಿಲ್ಲ. ಅರ್ಜಿ ಹಾಕಿದೆ. ಹೊರದೇಶದಲ್ಲಿ ಕಲಿತವರು ಇಲ್ಲಿ ಲೈಸೆನ್ಸ್ ಇರುವ ಒಬ್ಬರ ಕೈಕೆಳಗೆ ಕೆಲಸ ಮಾಡಿ, ಅವರಿಂದ ದೃಢೀಕರಣ ತಂದರೆ ಪರಿಶೀಲಿಸುತ್ತೇವೆ ಎಂದು ಉತ್ತರ ಬಂತು. ಇಡೀ ದೇಶದಲ್ಲಿ ಈ ಕೆಲಸ ಮಾಡುವವರೇ ಬೆರಳೆಣಿಕೆ. ಎಲ್ಲರಿಗೂ ಬರೆದೆ. ಸಿಡ್ನಿಯವರು ಜಾಗವಿಲ್ಲ ಎಂದು ನಯವಾಗಿ ಹೇಳಿದರು. ಉಳಿದವರು ಉತ್ತರಿಸಲಿಲ್ಲ. ಕೊನೆಗೆ ಮೆಲ್ಬರ್ನ್‌ನಿಂದ ಒಬ್ಬ ಮುದುಕರು ಫೋನೇ ಮಾಡಿದರು.

"ಇಮೇಲ್ ಜೊತೆ ಒಂದು ಕಂದು ಕಣ್ಣಿನ ಫೋಟೋ ಇಟ್ಟಿದ್ದೀಯಲ್ಲ, ಬಣ್ಣ ಹಚ್ಚಿದ್ದು ನೀನೇನಾ?"

"ಹೌದು."

"ನನಗೆ ನೀಲಿ ಬರುತ್ತೆ, ಬೂದಿ ಬರುತ್ತೆ. ಕಂದು ಹಚ್ಚಿದರೆ ಕಾಫಿ ಚೆಲ್ಲಿದ ಹಾಗಿರುತ್ತೆ. ಸೋಮವಾರ ಬಾ."

ಹಾಗೆ ನಾನು ವಾರವೆಲ್ಲ ಮೆಲ್ಬರ್ನ್, ವಾರದ ಕೊನೆಗೆ ಸಿಡ್ನಿ ಎಂದು ಓಡಾಡತೊಡಗಿದೆ. ಮೆಲ್ಬರ್ನ್ ಹೊರವಲಯದ ಟ್ರುಗನಿನಾದಲ್ಲಿ ನನ್ನ ಕಾಲೇಜಿನ ಗೆಳತಿಯ ಮನೆಯಿತ್ತು. ಅವಳು ಮಗನ ಆಟದ ಕೋಣೆಯಲ್ಲಿ ನನಗೊಂದು ಮಂಚ ಹಾಕಿಕೊಟ್ಟಳು. ಮುದುಕರ ವರ್ಕ್‌ಶಾಪು ಊರೊಳಗೆ, ಟ್ರಾಮ್ ಹಾದಿಯ ಪಕ್ಕದ ಹಳೆಯ ಮನೆಯೊಂದರಲ್ಲಿ. ಹಿಂದೆ ಅವರ ವಾಸ, ಮುಂದಿನ ಎರಡು ಕೋಣೆಗಳಲ್ಲಿ ಕೆಲಸ. ಬಂದವರನ್ನು ಕೂರಿಸಿ ಟೀ ಕೊಟ್ಟು ಮಾತಾಡಿಸುತ್ತಿದ್ದವರು ಅವರ ಹೆಂಡತಿ. ಕಣ್ಣು ಕಳೆದುಕೊಂಡು ಬಂದವರ ಅರ್ಧ ಅಳು ಆ ಟೀ ಮುಂದೆಯೇ ಮುಗಿದುಹೋಗುತ್ತಿತ್ತು.

ಮುದುಕರು ಎತ್ತರದ ಆಳು, ಅಗಲವಾದ ಕೈ. ನಾನು ಮಾಡಿದ ಪ್ರತಿಯೊಂದು ಕಣ್ಣನ್ನೂ ಕಿಟಕಿಯ ಬಳಿ ಒಯ್ದು, ಬಿಸಿಲಿಗೆ ಹಿಡಿದು, ತಿರುಗಿಸಿ ನೋಡಿ, ಸರಿ ಎನಿಸಿದರೆ ಮಾತ್ರ ಕಡತದಲ್ಲಿ ಸಹಿ ಹಾಕುತ್ತಿದ್ದರು. ಒಮ್ಮೆ ಅವರಿಗೆ ವಿಪರೀತ ಜ್ವರ. ರೋಗಿ ದೂರದೂರಿನಿಂದ ಬಂದು ಕಾಯುತ್ತಿದ್ದ. "ಮಲಗಿದಲ್ಲೇ ಸಹಿ ಹಾಕಿ, ನಾನು ನೋಡಿದ್ದೇನೆ, ಚೆನ್ನಾಗಿದೆ" ಎಂದರು ಹೆಂಡತಿ. ಅವರು ಕಂಬಳಿ ಹೊದ್ದುಕೊಂಡೇ ಎದ್ದು ಕಿಟಕಿಗೆ ಬಂದರು.

ಅವರ ದೃಢೀಕರಣದಿಂದಲೇ ನನಗೆ ಲೈಸೆನ್ಸ್ ಬಂತು. ಆಮೇಲೆ ನಾವು ಸಿಡ್ನಿಯದೇ ಸ್ಕೋಫೀಲ್ಡ್ಸ್‌ನಲ್ಲಿ ಮನೆ ತೆಗೆದುಕೊಂಡೆವು. ಅಲ್ಲಿಂದ ಸ್ವಲ್ಪ ದೂರದ ಒಂದು ಮೆಡಿಕಲ್ ಸೆಂಟರಿನಲ್ಲಿ ಹಿಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದು ನನ್ನದೇ ಕೆಲಸ ಶುರು ಮಾಡಿದೆ.

ನನ್ನ ಬಳಿ ಬಂದವರಲ್ಲಿ ಒಂದು ಹೆಣ್ಣುಮಗು ಇತ್ತು. ಅದರ ಅಪ್ಪ ಅಮ್ಮ ಧಾರವಾಡದ ಕಡೆಯವರು, ಓದಲು ಬಂದು ಇಲ್ಲೇ ಕಾಯಂ ನೆಲೆಸಲು ಪಿಆರ್ ಮಾಡಿಕೊಂಡವರು. ಅಪ್ಪ ವೇರ್‌ಹೌಸಿನಲ್ಲಿ ಶಿಫ್ಟ್ ಕೆಲಸ, ಅಮ್ಮ ಚೈಲ್ಡ್‌ಕೇರ್‌ನಲ್ಲಿ. ಮಗು ಇನ್ನೂ ತೊಟ್ಟಿಲಲ್ಲಿದ್ದಾಗಲೇ ಕಣ್ಣೊಳಗೆ ಗಡ್ಡೆ ಬೆಳೆದು, ಜೀವ ಉಳಿಸಲು ಎಡಗಣ್ಣು ತೆಗೆದಿದ್ದರು. ಅದರ ಮೊದಲ ಕಣ್ಣು ನಾನೇ ಮಾಡಿದ್ದು. ಮಕ್ಕಳ ಮುಖ ಬೆಳೆದಂತೆ ಗುಳಿಯೂ ಬೆಳೆಯುತ್ತದೆ, ಆಗಾಗ ಹೊಸ ಕಣ್ಣು ಬೇಕು. ಹೀಗೆ ಆ ಮಗು ನನ್ನ ಕೋಣೆಯಲ್ಲೇ ದೊಡ್ಡದಾಯಿತು ಎನ್ನಬೇಕು. ಕನ್ನಡ ಎಲ್ಲ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ನನ್ನನ್ನು "ಐ ಆಂಟಿ" ಎನ್ನುತ್ತಿದ್ದಳು. ಅಚ್ಚು ತೆಗೆಯುವ ತಣ್ಣನೆಯ ಪೇಸ್ಟ್ ಹಾಕುವಾಗ ನನ್ನ ಹೆಬ್ಬೆರಳನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದಳು. ಒಂದು ಕೈಯಲ್ಲೇ ಕೆಲಸ ಮಾಡುವುದನ್ನು ನಾನು ಕಲಿತದ್ದು ಅವಳಿಂದ.

ಲೈಸೆನ್ಸಿನ ಹಲವು ವರ್ಷಗಳ ಅವಧಿ ಮುಗಿಯುತ್ತ ಬಂದು ನವೀಕರಣದ ಸೂಚನೆ ಬಂದಾಗ ನಾನು ಅದನ್ನು ಕಾರಿನ ರಿಜಿಸ್ಟ್ರೇಶನ್ ಥರ, ದುಡ್ಡು ಕಟ್ಟಿದರೆ ಮುಗಿಯಿತು ಎಂದುಕೊಂಡಿದ್ದೆ. ಪೋರ್ಟಲ್‌ನಲ್ಲಿ ಎಲ್ಲ ತುಂಬಿ ಕಳಿಸಿದೆ. ಸ್ವಲ್ಪ ದಿನಕ್ಕೆ ಸಂದೇಶ ಬಂತು. ಹೊರದೇಶದಲ್ಲಿ ಕಲಿತವರ ಮೊದಲ ನವೀಕರಣಕ್ಕೆ, ಹಿಂದೆ ಮೇಲ್ವಿಚಾರಣೆ ಮಾಡಿದವರಿಂದಲೇ ಹೊಸದಾಗಿ ದೃಢೀಕರಣ ಬೇಕು: "ಇವರ ಕೆಲಸವನ್ನು ನಾನು ಕಣ್ಣಾರೆ ನೋಡಿದ್ದೇನೆ, ಇವರು ಈ ವೃತ್ತಿಗೆ ತಕ್ಕವರು."

ಮೆಲ್ಬರ್ನ್‌ಗೆ ಫೋನ್ ಮಾಡಿದೆ. ಹೆಂಡತಿ ಎತ್ತಿದರು. ನಾನು ವಿಷಯ ಹೇಳುವಷ್ಟರಲ್ಲಿ ಅವರ ಧ್ವನಿ ಸಣ್ಣದಾಯಿತು.

"ಅವರಿಗೆ ಮರೆವು ಬಂದಿದೆ. ವರ್ಕ್‌ಶಾಪ್ ಮುಚ್ಚಿದ್ದೇವೆ. ನಿನಗೆ ಹೇಳಬೇಕಿತ್ತು, ಹೇಳಲಿಲ್ಲ."

ನಾನು ಲೈಸೆನ್ಸ್ ಕಚೇರಿಗೆ ಫೋನ್ ಹಚ್ಚಿದೆ. ತುಂಬ ಹೊತ್ತು ಸಂಗೀತ ಕೇಳಿಸಿ ಆಮೇಲೆ ಒಬ್ಬ ಹುಡುಗಿ ಬಂದಳು. ಒಳ್ಳೆಯವಳೇ. ನನ್ನ ಸಮಸ್ಯೆಯನ್ನೆಲ್ಲ ಕೇಳಿಸಿಕೊಂಡಳು.

"ನಿಮ್ಮ ಮೇಲ್ವಿಚಾರಕರು ತೀರಿಕೊಂಡಿದ್ದಾರೆಯೇ?"

"ಇಲ್ಲ."

"ಅವರ ಲೈಸೆನ್ಸ್ ರದ್ದಾಗಿದೆಯೇ?"

"ಇಲ್ಲ. ಅವರೇ ನವೀಕರಿಸದೆ ಬಿಟ್ಟಿದ್ದಾರೆ."

"ಹಾಗಿದ್ದರೆ ದೃಢೀಕರಣ ಅವರಿಂದಲೇ ಬರಬೇಕಾಗುತ್ತದೆ. ಕ್ಷಮಿಸಿ."

"ಅವರಿಗೆ ಮರೆವಿನ ಕಾಯಿಲೆ. ಬೇರೆ ದಾರಿ ಇಲ್ಲವೇ?"

"ಬರೆದು ಕಳಿಸಿ, ಪರಿಶೀಲಿಸುತ್ತೇವೆ."

ಬರೆದು ಕಳಿಸಿದೆ. ಉತ್ತರವಿಲ್ಲ. ಮತ್ತೆ ಫೋನ್ ಮಾಡಿದರೆ ಬೇರೆಯವರು ಎತ್ತುತ್ತಿದ್ದರು, ನಾನು ಮೊದಲಿನಿಂದ ಶುರು ಮಾಡುತ್ತಿದ್ದೆ. ಅವರೂ ಅಲ್ಲಿಗೇ ಬರುತ್ತಿದ್ದರು: ಅವರು ತೀರಿಕೊಂಡಿದ್ದಾರೆಯೇ? ಯಾರೂ ಗದರಲಿಲ್ಲ, ಯಾರೂ ಲಂಚ ಕೇಳಲಿಲ್ಲ. ಜಗಳ ಆಡಲು ಎದುರಿಗೆ ಒಂದು ಮುಖವೇ ಇರಲಿಲ್ಲ. ಹೀಗಿರುವಾಗಲೇ ನನ್ನ ಲೈಸೆನ್ಸಿನ ಅವಧಿ ಮುಗಿಯಿತು. ಕೋಣೆಯ ಬಾಗಿಲಿಗೆ ತಾತ್ಕಾಲಿಕವಾಗಿ ಮುಚ್ಚಿದೆ ಎಂದು ನಾನೇ ಚೀಟಿ ಅಂಟಿಸಿ ಬಂದೆ.

ಆ ವಾರವೇ ಮಗುವಿನ ಅಮ್ಮ ಫೋನ್ ಮಾಡಿದರು.

"ಸಾಲಿ ಒಳಗ ಕಣ್ಣು ಬಿದ್ದದ್ರೀ ಆಂಟಿ. ಆಟ ಆಡೂಮುಂದ. ಉಳಿದ ಹುಡುಗ್ರು ಚೀರ್ಯಾಡಿ ಓಡ್ಯಾರ. ಟೀಚರು ಲಂಚ್ ಬಾಕ್ಸಿನ ಮುಚ್ಚಳದಾಗ ಇಟ್ಟು ಕೊಟ್ಟಾರ್ರಿ."

ಆ ಕಣ್ಣು ಚಿಕ್ಕದಾಗಿತ್ತು. ಮಗು ಬೆಳೆದಿತ್ತು, ಅಷ್ಟೇ. ಹೊಸದು ಬೇಕಿತ್ತು. ಸದ್ಯಕ್ಕೆ ಹೇಗೆ ತೊಳೆದು ಹಾಕಬೇಕೆಂದು ಹೇಳಿಕೊಟ್ಟೆ. ಹೊಸದನ್ನು ಈಗ ಮಾಡಲಾರೆ ಎಂದೂ ಹೇಳಿದೆ. ಅವತ್ತು ಸಂಜೆ ಮೂವರೂ ಮನೆಗೇ ಬಂದರು. ಮಗು ನೇರವಾಗಿ ನನ್ನ ಬಳಿ ಬಂದು, "ಆಂಟಿ, ಇಟ್ಸ್ ಟೂ ಸ್ಮಾಲ್ ನೌ" ಎಂದಳು. ಹಳೆಯ ಕಣ್ಣು ಒಳಗೆ ತಿರುಗಿ ಮೂಗಿನ ಕಡೆ ನೋಡುತ್ತಿತ್ತು. ನನ್ನ ಕೈ ತಾನಾಗಿ ಅವಳ ರೆಪ್ಪೆಯ ಹತ್ತಿರ ಹೋಯಿತು. ಹಿಂದಕ್ಕೆ ತೆಗೆದುಕೊಂಡೆ.

"ಬೇರೆಯವರ ಕಡೆ ಫೋನ್ ಮಾಡಿದ್ವಿರೀ, ತಿಂಗಳಾನುಗಟ್ಟಲೆ ವೇಟಿಂಗ್ ಅಂತಾರ," ಎಂದರು ಅಪ್ಪ. "ನಿಮ್ಮ ಸಾಮಾನೆಲ್ಲ ನಿಮ್ಮ ಕಡೇನ ಅದಾವಲ್ಲ. ಗ್ಯಾರೇಜಿನಾಗ ಮಾಡಿಬಿಡ್ರಿ. ಯಾರ ಮುಂದೂ ಬಾಯಿ ಬಿಡಂಗಿಲ್ರೀ ನಾವು."

"ಲೈಸೆನ್ಸ್ ಇಲ್ದೆ ಮುಟ್ಟಿದ್ರೆ ಮುಂದೆ ಯಾವತ್ತೂ ಕೊಡಲ್ಲ ಅವ್ರು. ನಾಳೆ ಮಗುಗೆ ಒಂದು ಇನ್‌ಫೆಕ್ಷನ್ ಆದ್ರೆ ನಿಮಗೂ ಕಷ್ಟ," ಎಂದೆ.

"ಆಗಂಗಿಲ್ರೀ. ಇಷ್ಟು ದಿನ ಆಗೇತೇನು?"

ಅಮ್ಮ ಎದ್ದು ಮಗುವಿನ ಜಾಕೆಟ್ ಹಾಕತೊಡಗಿದರು.

"ಬಿಡ್ರಿ. ಆಂಟಿನೂ ಆಫೀಸಿನವರಂಗ ಮಾತಾಡಾಕ ಹತ್ಯಾರ."

ಕಾರು ಹೋದಮೇಲೆ ನನ್ನ ಗಂಡ ಲ್ಯಾಪ್‌ಟಾಪ್ ತೆರೆದುಕೊಂಡು, "ಮೆಲ್ಬರ್ನ್‌ಗೆ ಬುಕ್ ಮಾಡ್ತೀನಿ. ಫೋನಲ್ಲಿ ಆಗೋ ಕೆಲ್ಸ ಅಲ್ಲ ಇದು. ಹೋಗಿ ಕೂತ್ಕೋ ಆ ಮುದುಕರ ಮುಂದೆ, ನೋಡಿದ್ರೆ ನೆನಪಾಗ್ಬಹುದು" ಎಂದರು.

ಟ್ರುಗನಿನಾದಲ್ಲಿ ಗೆಳತಿ ಅದೇ ಕೋಣೆ ಕೊಟ್ಟಳು. ಮಗ ಈಗ ಹೈಸ್ಕೂಲು, ಕೋಣೆಯಲ್ಲಿ ಆಟದ ಸಾಮಾನಿನ ಬದಲು ತೂಕ ಎತ್ತುವ ಕಬ್ಬಿಣಗಳಿದ್ದವು. ಮರುದಿನ ಬೆಳಿಗ್ಗೆ ಮುದುಕರ ಮನೆಗೆ ಹೋದೆ. ಹೆಂಡತಿ ಬಾಗಿಲಲ್ಲೇ ನನ್ನನ್ನು ಅಪ್ಪಿಕೊಂಡರು. ಮುದುಕರು ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕೂತಿದ್ದರು. ತೆಳ್ಳಗಾಗಿದ್ದರು, ಗಡ್ಡ ನೀಟಾಗಿ ಬೋಳಿಸಿತ್ತು. ನನ್ನನ್ನು ಕಂಡ ಕೂಡಲೇ ಎದ್ದು ನಿಂತು ಎದುರಿನ ಕುರ್ಚಿ ತೋರಿಸಿದರು. ಗುರುತು ಹಿಡಿದರು ಎಂಬ ಸಂತೋಷದಲ್ಲಿ ಕೂತೇಬಿಟ್ಟೆ. ಅವರು ಬಾಗಿ ನನ್ನ ಮುಖವನ್ನು ಬೆಳಕಿಗೆ ತಿರುಗಿಸಿ ಒಂದು ಕಣ್ಣು, ಆಮೇಲೆ ಇನ್ನೊಂದು ಕಣ್ಣು ನೋಡಿದರು.

"ಯಾವುದು?" ಎಂದರು.

"ಏನು?"

"ಯಾವುದು ಕೃತಕ? ಬಹಳ ಚೆನ್ನಾಗಿ ಮಾಡಿದ್ದಾರೆ. ನನಗೇ ಗೊತ್ತಾಗುತ್ತಿಲ್ಲ."

ಹೆಂಡತಿ ಅಡುಗೆಮನೆಗೆ ಹೋದರು. ನಾನು ಯಾರು, ಯಾಕೆ ಬಂದೆ ಎಂದು ನಿಧಾನವಾಗಿ ಹೇಳಿದೆ. ಅವರು ಸಭ್ಯವಾಗಿ ತಲೆಯಾಡಿಸಿದರು. ದೃಢೀಕರಣದ ಹಾಳೆಯನ್ನು ಮುಂದಿಟ್ಟೆ. ಕನ್ನಡಕ ಹಾಕಿಕೊಂಡು ಬೆರಳಿಟ್ಟು ಒಂದೊಂದೇ ಸಾಲು ಓದಿದರು. ಪೆನ್ನು ಕೊಟ್ಟೆ. ಅದನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟರು.

"ಕಣ್ಣಾರೆ ನೋಡಿದ್ದೇನೆ ಅಂತ ಬರೆದಿದೆ. ನಾನು ನಿನ್ನ ಕೆಲಸ ನೋಡಿಲ್ಲವಲ್ಲ."

ಚೀಲದಲ್ಲಿ ನಾನು ಹಿಂದೆ ಮಾಡಿದ ಕಣ್ಣುಗಳ ಮಾದರಿ ಡಬ್ಬಿ ಇತ್ತು. ತೆರೆದು ಕೊಟ್ಟೆ. ಒಂದನ್ನು ಎತ್ತಿ ಬಿಸಿಲಿಗೆ ಹಿಡಿದರು, ತಿರುಗಿಸಿದರು. ಆ ಕೈ ಹಿಂದಿನ ಹಾಗೆಯೇ ಇತ್ತು, ಸ್ವಲ್ಪವೂ ನಡುಗುತ್ತಿರಲಿಲ್ಲ.

"ಒಳ್ಳೆಯ ಕೆಲಸ. ಯಾರ ಹತ್ತಿರ ಕಲಿತೆ?"

"ಬೆಂಗಳೂರಿನಲ್ಲಿ. ಆಮೇಲೆ ನಿಮ್ಮ ಹತ್ತಿರ."

ಅವರು ನಕ್ಕರು, ನಾನು ಹೊಗಳಲು ಹೇಳುತ್ತಿದ್ದೇನೆ ಎಂಬಂತೆ. "ಮಾಡಿದ್ದು ನೀನೇ ಎಂದು ನನಗೆ ಹೇಗೆ ಗೊತ್ತು? ಕುಂಚ ತಂದು ನನ್ನ ಮುಂದೆ ಮಾಡು. ನೋಡಿದ ಮೇಲೆ ಸಹಿ. ಸೋಮವಾರ ಬಾ."

ಅವತ್ತೇ ಸೋಮವಾರವಾಗಿತ್ತು.

ಮರುದಿನ ಬಣ್ಣ, ಕುಂಚ, ಖಾಲಿ ಅಕ್ರಿಲಿಕ್ ಬಿಲ್ಲೆಗಳನ್ನು ತೆಗೆದುಕೊಂಡು ಹೋದೆ. ರೋಗಿಗಲ್ಲದೆ ಬರೀ ಬಿಲ್ಲೆಯ ಮೇಲೆ ಬಣ್ಣ ಹಚ್ಚುವುದಕ್ಕೆ ಯಾವ ಕಾನೂನಿನ ಅಡ್ಡಿಯೂ ಇರಲಿಲ್ಲ. ಅವರು ಮತ್ತೆ ಎದ್ದು ಕುರ್ಚಿ ತೋರಿಸಿದರು, ಮತ್ತೆ ಯಾವುದು ಎಂದು ಕೇಳಿದರು. ನಾನು ಮತ್ತೆ ಎಲ್ಲ ಹೇಳಿ, ಅವರೆದುರು ಕೂತು ಕಂದು ಕರಿಗುಡ್ಡೆಯೊಂದನ್ನು ಹಚ್ಚತೊಡಗಿದೆ. ಕೆಳಗೆ ಹಳದಿ, ಅದರ ಮೇಲೆ ಕೆಂಪು ಮಿಶ್ರಿತ ಕಂದು, ಅಂಚಿಗೆ ಕಪ್ಪಿಗೆ ಹತ್ತಿರದ ಹಸಿರು. ಸ್ವಲ್ಪ ಹೊತ್ತಿಗೆ ಅವರ ಕುರ್ಚಿ ಮುಂದೆ ಸರಿಯಿತು. ಆಮೇಲೆ ಅವರೂ ಒಂದು ಕುಂಚ ಎತ್ತಿಕೊಂಡರು. ನನ್ನ ಪಕ್ಕದಲ್ಲಿ ಕೂತು ನೀಲಿ ಕಣ್ಣು ಹಚ್ಚಿದರು. ಬಾಗಿಲಲ್ಲಿ ಹೆಂಡತಿ ಟೀ ಹಿಡಿದು ನಿಂತಿದ್ದರು, ಎಷ್ಟು ಹೊತ್ತಿನಿಂದಲೋ. ನಾನು ಹೊರಡುವಾಗ ಮುದುಕರು, "ಚೆನ್ನಾಗಿ ಹಚ್ಚುತ್ತೀಯ. ನಾಳೆ ಹೊಳಪು ಕೊಡುವುದನ್ನೂ ನೋಡಿ ಸಹಿ ಹಾಕುತ್ತೇನೆ" ಎಂದರು.

ಮರುದಿನ ಅವರಿಗೆ ಏನೂ ನೆನಪಿರಲಿಲ್ಲ. ಯಾವುದು ಕೃತಕ ಎಂದು ಕೇಳಿದರು.

ಹೀಗೆ ವಾರ ಕಳೆಯಿತು. ಪ್ರತಿದಿನ ಹೊಸಬಳಾಗಿ ಹೋಗಿ ಸಂಜೆಯ ಹೊತ್ತಿಗೆ ಅವರ ವಿಶ್ವಾಸ ಗಳಿಸಿ ಬರುತ್ತಿದ್ದೆ. ಗೆಳತಿ ಊಟ ಬಡಿಸುತ್ತಾ, "ಖುಷಿಯಾಗಿರೋವಾಗ್ಲೇ ಸೈನ್ ಹಾಕಿಸ್ಕೊಂಡ್ಬಿಡೇ, ನೀನ್ಯಾಕೆ ನಾಳೆವರೆಗೂ ಕಾಯ್ತೀಯ?" ಎಂದು ಗದರಿದಳು. ನನಗೂ ಅದು ಸರಿಯೆನಿಸಿತು. ಶುಕ್ರವಾರ ಮಧ್ಯಾಹ್ನ ನಾನು ಮುಗಿಸಿದ ಕಣ್ಣನ್ನು ಅವರು ಕಿಟಕಿಗೆ ಒಯ್ದರು. ತುಂಬ ಹೊತ್ತು ನೋಡಿದರು. "ಇದಕ್ಕೆ ನಾನು ಸಹಿ ಹಾಕುತ್ತೇನೆ," ಎಂದು ತಾವೇ ಹೇಳಿದರು. "ಪೆನ್ನು ಎಲ್ಲಿ?"

ನಾನು ಹಾಳೆಯನ್ನು ಮುಂದೆ ತಳ್ಳಿದೆ. ಆಗ ಹೆಂಡತಿ ಬಂದು ನನ್ನ ಭುಜದ ಮೇಲೆ ಕೈಯಿಟ್ಟು, ಸ್ವಲ್ಪ ಒಳಗೆ ಬಾ ಎಂದರು.

ಅಡುಗೆಮನೆಯಲ್ಲಿ ಅವರು ಸಿಂಕ್‌ಗೆ ಮುಖಮಾಡಿ ನಿಂತೇ ಮಾತಾಡಿದರು.

"ಅವರ ಸಹಿ ನಡೆಯುವುದಿಲ್ಲ. ಯಾವ ಕಾಗದಕ್ಕೂ ಸಹಿ ಹಾಕುವ ಸ್ಥಿತಿಯಲ್ಲಿಲ್ಲ ಎಂದು ಡಾಕ್ಟರು ಬರೆದುಕೊಟ್ಟು ಬಹಳ ದಿನವಾಯಿತು. ಈಗ ಎಲ್ಲಕ್ಕೂ ಮಗಳೇ ಸಹಿ ಹಾಕುವುದು. ನೀನು ಅದನ್ನು ಕಳಿಸಿದರೆ ನಿನಗೇ ತೊಂದರೆ."

"ಮೊದಲೇ ಯಾಕೆ ಹೇಳಲಿಲ್ಲ?"

ಅವರು ಒದ್ದೆ ಕೈಯನ್ನು ಒರೆಸಿಕೊಂಡರು, ಆಮೇಲೂ ಒರೆಸುತ್ತಲೇ ಇದ್ದರು.

"ಹೇಳುವವಳಿದ್ದೆ. ಅಷ್ಟರಲ್ಲಿ ಅವರು ಕುಂಚ ಎತ್ತಿಕೊಂಡರು. ಒಂದು ವರ್ಷದಿಂದ ಮುಟ್ಟಿರಲಿಲ್ಲ. ಈ ವಾರ ನನ್ನ ಮೇಲೆ ಒಮ್ಮೆಯೂ ಕೂಗಾಡಿಲ್ಲ. ನೀನು ಬರುತ್ತಿರಲಿ ಅನಿಸಿತು."

ನನಗೆ ಸಿಟ್ಟು ಬರಬೇಕಿತ್ತು. ಅಲ್ಲಿ ಸಿಡ್ನಿಯಲ್ಲಿ ಮಗು ಹಳೆಯ ಕಣ್ಣು ನಿಲ್ಲದೆ ಪಟ್ಟಿ ಕಟ್ಟಿಕೊಂಡು ಶಾಲೆಗೆ ಹೋಗುತ್ತಿದೆ, ಇಲ್ಲಿ ನಾನು ಒಂದು ವಾರ ಯಾರಿಗೂ ಬೇಡದ ಕಣ್ಣುಗಳನ್ನು ಮಾಡುತ್ತಾ ಕೂತಿದ್ದೆ. ಆದರೆ ಆ ಹೆಂಗಸು ಟವಲ್ ಹಿಡಿದು ನಿಂತ ರೀತಿ ನೋಡಿ ಅದನ್ನು ಅವರ ಕೈಯಿಂದ ತೆಗೆದುಕೊಂಡು ಕುರ್ಚಿ ಎಳೆದುಕೊಟ್ಟೆ. ಇಬ್ಬರೂ ಕೂತು ಅತ್ತೆವು. ಹೊರಗಿನಿಂದ ಮುದುಕರು, "ಪೆನ್ನು ಸಿಕ್ಕಿತಾ?" ಎಂದು ಕೂಗಿ ಕೇಳುತ್ತಲೇ ಇದ್ದರು. ನಾನು ಹೋಗಿ ಪೆನ್ನು ಕೊಟ್ಟೆ. ಅವರು ಸಹಿ ಹಾಕಿದರು, ಹಿಂದಿನ ಹಾಗೆಯೇ ದೊಡ್ಡ ಅಕ್ಷರಗಳಲ್ಲಿ, ಕೆಳಗೊಂದು ಗೆರೆ ಎಳೆದು. ಕೈ ಕುಲುಕಿ ಶುಭವಾಗಲಿ ಎಂದರು. ಆ ಹಾಳೆಯನ್ನು ನಾನು ಎಲ್ಲಿಗೂ ಕಳಿಸಲಿಲ್ಲ.

ಕಚೇರಿಗೆ ಕಳಿಸಿದ್ದು ಡಾಕ್ಟರು ಕೊಟ್ಟಿದ್ದ ಪತ್ರದ ಪ್ರತಿಯನ್ನು. ಅದನ್ನು ಕೊಡಲು ಅವರ ಮಗಳ ಒಪ್ಪಿಗೆ ಬೇಕಾಯಿತು, ಅದಕ್ಕೂ ಕಾದೆ. ಆಮೇಲೆ ಬಂದ ಉತ್ತರ ಇಷ್ಟು: ಮೇಲ್ವಿಚಾರಕರು ಲಭ್ಯವಿಲ್ಲವೆಂದು ಒಪ್ಪಿದ್ದೇವೆ, ಬೇರೊಬ್ಬರ ಕೈಕೆಳಗೆ ಮತ್ತೆ ಕೆಲಸ ಮಾಡಿ ದೃಢೀಕರಣ ತನ್ನಿ. ಅಂದರೆ ಹೊರಟಲ್ಲಿಗೇ ಮತ್ತೆ ಬಂದು ನಿಲ್ಲಬೇಕಿತ್ತು. ಈ ಸಲ ಸಿಡ್ನಿಯಲ್ಲೇ ಒಬ್ಬರು ಒಪ್ಪಿದರು. ನನಗಿಂತ ಬಹಳ ಚಿಕ್ಕವರು, ಗಡಿಬಿಡಿಯ ಮನುಷ್ಯ, ಕೆಟ್ಟವರಲ್ಲ. ನಾನು ಮಾಡಿದ ಕಣ್ಣನ್ನು ಟ್ಯೂಬ್‌ಲೈಟ್ ಕೆಳಗೆ ಒಂದು ಕ್ಷಣ ನೋಡಿ "ಗ್ರೇಟ್" ಎಂದು ಟಿಕ್ ಹಾಕುತ್ತಿದ್ದರು. ನಾನು ಥ್ಯಾಂಕ್ಸ್ ಎನ್ನುತ್ತಿದ್ದೆ.

ಮುದುಕರ ಹೆಂಡತಿ ಆಮೇಲೊಮ್ಮೆ ಫೋನ್ ಮಾಡಿದ್ದರು. ನಾನು ಹೊರಟು ಬಂದ ಮೇಲೆ ಮುದುಕರು ಪ್ರತಿ ಬೆಳಿಗ್ಗೆ ಕುರ್ಚಿ ಎಳೆದಿಟ್ಟು ಯಾರಿಗಾಗಿಯೋ ಕಾಯುತ್ತಿದ್ದರಂತೆ. ಯಾರಿಗೆ ಎಂದು ಕೇಳಿದರೆ ಗೊತ್ತಿರಲಿಲ್ಲವಂತೆ, ಅದಕ್ಕೇ ಸಿಟ್ಟಾಗುತ್ತಿದ್ದರಂತೆ. ಈಗ ಆರೈಕೆ ಮಾಡುವ ಹೋಮ್ ಒಂದರಲ್ಲಿ ಇಟ್ಟಿದ್ದಾರೆ. "ನೀನು ಬರಬೇಡ," ಎಂದರು. "ಬಂದು ಹೋದಮೇಲೆ ನನಗೆ ಅವರನ್ನು ಸುಧಾರಿಸುವುದು ಕಷ್ಟ." ಆಗಲಿ ಎಂದೆ.

ಲೈಸೆನ್ಸ್ ಕೊನೆಗೂ ಬಂದ ದಿನ ಮೊದಲು ಫೋನ್ ಮಾಡಿದ್ದು ಮಗುವಿನ ಅಮ್ಮನಿಗೆ.

"ಭಾಳ ಚಲೋ ಆತ್ರೀ ಆಂಟಿ," ಎಂದರು. "ನಾವು ಬ್ಯಾರೆ ಕಡೆ ಮಾಡಿಸಿದ್ವಿರೀ. ಅವರೂ ಚಲೋನ ಮಾಡ್ಯಾರ. ಆಕಿಗೆ ಅಲ್ಲೇ ರೂಢಿ ಆಗೇತಿ. ಮತ್ತ ಬದಲಿ ಮಾಡೂದು ಬ್ಯಾಡ ಅಂತ ಇವರು..."

"ಪರ್ವಾಗಿಲ್ಲ, ಹಾಗೇ ಮಾಡಿ," ಎಂದೆ.

ಸ್ವಲ್ಪ ದಿನದ ಹಿಂದೆ ಇಂಡಿಯನ್ ಗ್ರಾಸರಿಯಲ್ಲಿ ಆ ಅಮ್ಮ ಮಗಳು ಸಿಕ್ಕರು. ಮಗು ಎತ್ತರವಾಗಿದ್ದಾಳೆ, ಮುಂದಿನ ಹಲ್ಲು ಬಿದ್ದು ಹೊಸದು ಅರ್ಧ ಬಂದಿದೆ. ಹೊಸ ಕಣ್ಣು ಸರಿಯಾಗಿ ಕೂತಿತ್ತು. ಬಣ್ಣ ಮಾತ್ರ ಒಂದು ಛಾಯೆ ಗಾಢ, ಬಲಗಣ್ಣಿನ ಅಂಚಿನಲ್ಲಿರುವ ಆ ಹಸಿರು ಇದರಲ್ಲಿಲ್ಲ. ಬೇರೆ ಯಾರಿಗೂ ಅದು ಕಾಣುವುದಿಲ್ಲ. ನಾನು ಅದನ್ನೇ ನೋಡುತ್ತಿದ್ದೇನೆಂದು ಅಮ್ಮನಿಗೆ ಗೊತ್ತಾಗಿ ಅವರು ಮಗುವಿನ ತಲೆಗೂದಲನ್ನು ಸರಿಮಾಡುವ ನೆಪದಲ್ಲಿ ಅವಳ ಮುಖ ಆಚೆ ತಿರುಗಿಸಿದರು.

"ಆಂಟಿಗೆ ಹಾಯ್ ಹೇಳು," ಎಂದರು.

"ಹಾಯ್ ಆಂಟಿ," ಎಂದಳು ಮಗು. ಬೇರೆ ಯಾವ ಆಂಟಿಗಾದರೂ ಹೇಳುವ ಹಾಗೆ. ಆಮೇಲೆ ಅಮ್ಮನ ಕೈ ಎಳೆದುಕೊಂಡು ಬಿಲ್ ಕೌಂಟರಿನ ಕಡೆ ಹೋದಳು. ನಾನು ಬಂದದ್ದು ಹುಣಸೆಹಣ್ಣಿಗೆ. ಯಾವ ಸಾಲಿನಲ್ಲಿದೆ ಎಂದು ನೆನಪಾಗದೆ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ.